ಅಪ್ಪ ಹೇಳಿದ ಹುಲಿ

ನನ್ನ ಹೆಸರು ಹುಲಿಗೆಮ್ಮ. ಹೊಸಪೇಟೆ, ಕಂಪ್ಲಿ, ಸಂಡೂರಿನ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಇಬ್ಬರೋ ಮೂವರೋ ಹುಲಿಗೆಮ್ಮರು ಸಿಗುತ್ತಾರೆ. ಅದು ನಮ್ಮ ಕಡೆಯ ದೇವಿಯ ಹೆಸರು, ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ರಾಜ್ಯದ ದಕ್ಷಿಣ ತುದಿಯ ಹುಲಿ ಮೀಸಲು ಕಾಡೊಂದರಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಈ ಹೆಸರು ಹೇಳಿಕೊಂಡರೆ ಎದುರಿನವರು ನಗದೆ ಇರುವುದಿಲ್ಲ. ನಾನು ಇಲ್ಲಿಗೆ ಬಂದ ಮೊದಲ ದಿನವೇ ಜೀಪಿನ ಡ್ರೈವರ್ “ಮೇಡಂ, ಇದು ಮನೆಯಲ್ಲಿಟ್ಟ ಹೆಸರಾ, ಇಲಾಖೆಯವರು ಇಟ್ಟಿದ್ದಾ?” ಎಂದು ಕೇಳಿಯೇಬಿಟ್ಟ. ಇಲ್ಲಿಯ ಕಾಡು ಶ್ರೀಮಂತ ಕಾಡು. ತೇಗ, ಮತ್ತಿ, ಹೊನ್ನೆ ಮರಗಳು ತಲೆ ಎತ್ತಿ ನೋಡುವಷ್ಟು ಎತ್ತರ. ಬಿದಿರು ಮೆಳೆಯೊಳಗೆ ಆನೆ ನಿಂತಿದ್ದರೂ ಹತ್ತು ಮಾರು ದೂರದವರಿಗೆ ತಿಳಿಯುವುದಿಲ್ಲ. ಸಂಜೆ ಹಿನ್ನೀರಿನ ಹುಲ್ಲಿಗೆ ಜಿಂಕೆ, ಕಾಟಿ ಇಳಿಯುತ್ತವೆ. ಹುಲಿಯೊಂದು ರಸ್ತೆಗೆ ಬಂದು ನಡೆಯತೊಡಗಿದರೆ ಅದರ ಹಿಂದೆ ಸಫಾರಿ ಗಾಡಿಗಳು ಸಾಲುಗಟ್ಟುತ್ತವೆ, ಗಾಡಿಗೆ ಹತ್ತರಂತೆ ಮೊಬೈಲು ಮೇಲೇಳುತ್ತವೆ. ನನ್ನ ಕೈಕೆಳಗಿನ ಹುಡುಗರು ಮರಕ್ಕೆ ಕಟ್ಟಿದ ಕ್ಯಾಮರಾ ಏನು ತೋರಿಸುತ್ತದೆ ಎಂದು ಕಾಯುತ್ತಾರೆ. ನಾನು ಜೀಪಿನಿಂದ ಇಳಿದು ನೆಲ ನೋಡುತ್ತೇನೆ. ಯಾವುದು, ಗಂಡೋ ಹೆಣ್ಣೋ, ಯಾವ ಹೊತ್ತಿನಲ್ಲಿ ಹೋಯಿತು, ಅವಸರದಲ್ಲಿತ್ತೋ ನಿಧಾನವಾಗಿತ್ತೋ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಕ್ಯಾಮರಾ ನನ್ನ ಮಾತನ್ನೇ ಆಡುತ್ತದೆ. ಇದನ್ನು ಯಾವ ತರಬೇತಿಯಲ್ಲಿ ಕಲಿತಿರಿ ಎಂದು ಹುಡುಗರು ಕೇಳಿದರೆ ಅಡುಗೆಮನೆಯಲ್ಲಿ ಎನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ.

ಆ ಅಡುಗೆಮನೆ ಇದ್ದದ್ದು ಸಂಡೂರಿನಿಂದ ಯಶವಂತನಗರದ ಕಡೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದ ಒಂದು ಕಲ್ಲಿನ ಮನೆಯಲ್ಲಿ. ಕಾಗದದಲ್ಲಿ ಅದು ಕ್ವಾರ್ಟರ್ಸ್, ಜನರ ಬಾಯಲ್ಲಿ ‘ಫಾರೆಸ್ಟ್ ಮನಿ’. ಮುಂದಿನ ಕೋಣೆಯಲ್ಲಿ ಅಪ್ಪನ ಖಾಕಿ ಅಂಗಿ, ಕೊಡಲಿ, ನೀರಿನ ಕ್ಯಾನು. ಹಿಂದಿನ ಕೋಣೆಯಲ್ಲಿ ಅಜ್ಜಿ ಮತ್ತು ಜೋಳದ ಚೀಲಗಳು. ಅಡುಗೆಮನೆ ಮಾತ್ರ ಈ ಎರಡನ್ನೂ ಸೇರಿಸಿದಷ್ಟು ದೊಡ್ಡದು, ಏಕೆಂದರೆ ಮೊದಲು ಅದು ಸಸಿಗಳ ಬೀಜ ಕೂಡಿಡುವ ಕೋಣೆಯಾಗಿತ್ತಂತೆ. ಬೀಜಕ್ಕೆ ಗಾಳಿಯಾಡಲೆಂದು ಇಟ್ಟ ಅಗಲವಾದ ಕಿಟಕಿ ಸೀದಾ ಗುಡ್ಡಕ್ಕೆ ತೆರೆಯುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತ ಕುಳಿತಲ್ಲಿಂದಲೇ ನವಿಲು, ಮುಸುವ, ಒಮ್ಮೊಮ್ಮೆ ಕೊಂಡಕುರಿಯನ್ನೂ ನೋಡುತ್ತಿದ್ದಳು. ಇನ್ನೊಂದು ಕಡೆ ಅದಿರಿನ ಲಾರಿಗಳ ರಸ್ತೆ. ಲಾರಿ ಹೋದ ಮೇಲೆ ಕೆಂಪು ಧೂಳು ಬಂದು ಎಲ್ಲದರ ಮೇಲೂ ಕೂರುತ್ತಿತ್ತು: ತುಳಸಿಯ ಮೇಲೆ, ನೀರಿನ ಕೊಡದ ಮೇಲೆ, ನನ್ನ ಶಾಲೆಯ ಬಿಳಿ ಅಂಗಿಯ ಮೇಲೆ. ಅವ್ವ ದಿನಕ್ಕೆ ಮೂರು ಸಲ ಒರೆಸುತ್ತಿದ್ದಳು, ಮೂರು ಸಲವೂ ಬಯ್ಯುತ್ತಿದ್ದಳು. ಆ ಮನೆ ಎಷ್ಟೇ ಕೆಂಪಾಗಿದ್ದರೂ ನಮ್ಮ ಪಾಲಿಗೆ ಅರಮನೆ, ಹಾಗೆಂದು ನಾನು ಆಗಲೂ ಹೇಳುತ್ತಿದ್ದೆ.

ಅವ್ವ ಕಂಪ್ಲಿಯವಳು. ಕಾಲುವೆ ನೀರು, ಭತ್ತದ ಗದ್ದೆ, ಬಾಳೆ ತೋಟ ನೋಡಿ ಬೆಳೆದವಳು. ಅವಳ ಮಟ್ಟಿಗೆ ಊಟವೆಂದರೆ ಅನ್ನ. ಅಜ್ಜಿ ಇದೇ ಗುಡ್ಡದ ಸೆರಗಿನವಳು, ಅವಳ ಮಟ್ಟಿಗೆ ಅನ್ನ ಜ್ವರ ಬಂದವರ ಪಥ್ಯ. ಇಬ್ಬರ ಜಗಳಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ.

“ಕಂಪ್ಲ್ಯಾಗ ಹಿಂಗ ಧೂಳ ತಿನ್ನತಿದ್ದಿಲ್ಲ ನಾವು,” ಎನ್ನುವಳು ಅವ್ವ.

“ಹೌದವ್ವ, ಅನ್ನ ತಿಂದು ತಿಂದು ಮಧ್ಯಾಹ್ನನ ಮಲಕೊಂತಿದ್ರಿ,” ಎನ್ನುವಳು ಅಜ್ಜಿ.

ಅಪ್ಪ ಎರಡೂ ಕಡೆಗೆ ತಲೆಯಾಡಿಸಿ, ಪುಂಡಿಪಲ್ಲೆಗೆ ಎರಡನೇ ರೊಟ್ಟಿ ಕೇಳುತ್ತಿದ್ದ. ಆದರೆ ಅತ್ತೆ ಸೊಸೆ ಇಬ್ಬರೂ ಒಂದು ವಿಷಯದಲ್ಲಿ ಒಂದೇ ಪಕ್ಷ. ಮೊದಲ ರೊಟ್ಟಿಯ ಒಂದು ಚೂರನ್ನು ಅಜ್ಜಿ ಮುರಿದು ಕೊಡಬೇಕು, ಅವ್ವ ಅದನ್ನು ಆ ಅಗಲ ಕಿಟಕಿಯಿಂದ ಗುಡ್ಡದ ಕಡೆ ಎಸೆಯಬೇಕು. ಗುಡ್ಡದ ಪಾಲು ಅದು. ಅದನ್ನು ಕಾಗೆ ತಿಂದಿತೋ ಇರುವೆ ತಿಂದಿತೋ ಯಾರೂ ಕೇಳುತ್ತಿರಲಿಲ್ಲ. ಎಷ್ಟೇ ಜಗಳವಾಡಿದ ದಿನವೂ ಆ ಚೂರು ಅತ್ತೆಯ ಕೈಯಿಂದ ಸೊಸೆಯ ಕೈಗೆ ಹೋಗುವುದು ತಪ್ಪಲಿಲ್ಲ.

ನಮ್ಮ ಗುಡ್ಡವನ್ನು ಕಾಡು ಎಂದರೆ ಇಲ್ಲಿಯ ನನ್ನ ಸಹೋದ್ಯೋಗಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬಂದವರಿಗೆ ಅದು ಕಲ್ಲು, ಮುಳ್ಳು, ಒಣಗಿದ ಹುಲ್ಲು ಅಷ್ಟೆ. ಮೇ ತಿಂಗಳಲ್ಲಿ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಕುಣಿಯಬೇಕು. ಆದರೆ ಎರಡು ಸಲ ಹದವಾಗಿ ಮಳೆ ಬೀಳಲಿ, ಎಂಟು ದಿನದಲ್ಲಿ ಗುಡ್ಡ ಪೂರ್ತಿ ಹಸಿರು ಹೊದೆಯುತ್ತದೆ. ಹಳ್ಳದಲ್ಲಿ ನೀರಿನ ಸದ್ದು ಶುರುವಾಗುತ್ತದೆ, ಮೋಡ ಇಳಿದು ನೆತ್ತಿಯ ಮೇಲೆ ಕೂರುತ್ತದೆ. ಕಮರ, ದಿಂಡಿಗದ ಮರಗಳು ಚಿಗುರುತ್ತವೆ. ಕವಳಿಹಣ್ಣು ಮೊದಲು, ಸೀತಾಫಲ ಆಮೇಲೆ, ಬಾರಿಹಣ್ಣು ಚಳಿಗೆ. ಸೀತಾಫಲದ ಕಾಲದಲ್ಲಿ ನಾವೂ ಕರಡಿಗಳೂ ಒಂದೇ ಗಿಡಗಳಿಗೆ ಹೋಗುತ್ತಿದ್ದೆವು, ಹೊತ್ತು ಮಾತ್ರ ಬೇರೆ. ಬೆಳಿಗ್ಗೆ ಹೋದಾಗ ಗಿಡದ ಬುಡದಲ್ಲಿ ಸಿಪ್ಪೆ ಬಿದ್ದಿದ್ದರೆ ಅಪ್ಪ ಆ ಗಿಡ ಬಿಟ್ಟು ಮುಂದಿನದಕ್ಕೆ ಕರೆದೊಯ್ಯುತ್ತಿದ್ದ. ಅದರ ಹಣ್ಣು ಅದಕ್ಕಿರಲಿ ಎನ್ನುತ್ತಿದ್ದ. ನಾನು ಕಾಡನ್ನು ಹೆದರಿಕೆಯಿಂದ ಕಲಿಯಲಿಲ್ಲ, ಸರದಿಯಿಂದ ಕಲಿತೆ. ಇಂದಿಗೂ ನನಗೆ ಕಾಡಿನಲ್ಲಿ ಹೆದರಿಕೆ ಇಲ್ಲ.

ಅಪ್ಪ ಅರಣ್ಯ ಇಲಾಖೆಯ ದಿನಗೂಲಿ ವಾಚರ್. ಹೆಸರು ಯರ್ರಿಸ್ವಾಮಿ. ದಿನವೂ ಬೆಳಗಾಗುತ್ತಲೇ ಗುಡ್ಡ ಹತ್ತಿ, ಬೆಂಕಿ ಬಿದ್ದಿದೆಯೇ, ಮರ ಕಡಿದಿದ್ದಾರೆಯೇ, ಯಾವ ಪ್ರಾಣಿ ಎಲ್ಲಿ ಓಡಾಡಿದೆ ಎಂದು ನೋಡಿ ಬರುವುದು ಅವನ ಕೆಲಸ. ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ತಿಂಗಳಿಗೊಮ್ಮೆ ಗಾರ್ಡ್ ಹನುಮಂತಪ್ಪ ಬಂದು ಅದನ್ನು ಕಚೇರಿಗೆ ಒಯ್ಯಬೇಕು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ನಾಲ್ಕನೇ ತರಗತಿಗೆ ಬಂದಾಗ ಗಾರ್ಡ್, “ಮಗಳು ಛಲೋ ಬರೀತಾಳ, ಆಕಿ ಕೈಲೆ ಬರಸಲೇ ಯರ್ರಿಸ್ವಾಮಿ,” ಎಂದುಬಿಟ್ಟ. ಅಲ್ಲಿಂದ ಸಂಜೆ ದೀಪ ಹಚ್ಚುವ ಮುಂಚೆ, ಒಲೆಯ ಪಕ್ಕದಲ್ಲಿ, ಅಪ್ಪ ಹೇಳುವುದು ನಾನು ಬರೆಯುವುದು ಮನೆಯ ನಿತ್ಯದ ಕೆಲಸವಾಯಿತು. ಅದಕ್ಕೆ ಅಪ್ಪ ಒಂದೇ ಕಟ್ಟಳೆ ಹಾಕಿದ್ದ.

“ನಾ ಹೇಳಿದ್ದು ಬರಿ. ಕೂಡಸಬ್ಯಾಡ, ಕಳೀಬ್ಯಾಡ.”

ಬರೆದಾದ ಮೇಲೆ ಓದಿ ಹೇಳಿಸುತ್ತಿದ್ದ. ಒಂದು ದಿನ ಶಾಲೆಯ ಪಾಠದ ಅಮಲಿನಲ್ಲಿ ನಾನು ‘ಭಯಂಕರವಾದ ಕರಡಿಯೊಂದು ಹುತ್ತವನ್ನು ಅಗೆಯುತ್ತಿತ್ತು’ ಎಂದು ಬರೆದು, ಭಾರಿ ಹೆಮ್ಮೆಯಿಂದ ಓದಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಭಯಂಕರ ಅಂತ ನಾ ಅಂದ್ನೇನು?”

“ಇಲ್ಲ.”

“ನೀ ನೋಡೀಯೇನು?”

“ಇಲ್ಲ.”

“ನಾ ನೋಡೀನಿ. ಪಾಪ, ಅದು ಹೊಟ್ಟಿಗೆ ತಿನ್ನಾಕತ್ತಿತ್ತು. ಹೊಡಿ ಅದನ್ನ.”

ಹೊಡೆದು ಹಾಕಿದೆ. ಅಜ್ಜಿ ಹಿಂದಿನ ಕೋಣೆಯಿಂದ, ಭಯಂಕರ ಅಂದರೆ ತನ್ನ ಸೊಸೆ ಎಂದು ಕೂಗಿದಳು. ಅವ್ವ ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದಳು. ನಾವು ನಕ್ಕೆವು. ಹೀಗೆ ನಾನು ಪ್ರಾಣಿಗಳನ್ನು ಕಣ್ಣಿಗಿಂತ ಮೊದಲು ಅಪ್ಪನ ಮಾತಿನಲ್ಲಿ ನೋಡಿದೆ. ಹೆಜ್ಜೆಯ ಅಂಚು ಚೂಪಾಗಿದ್ದರೆ ಹೊಸದು, ಇಬ್ಬನಿ ಬಿದ್ದ ಗುರುತು ಅದರ ಮೇಲಿದ್ದರೆ ಬೆಳಗಿನ ಮುಂಚಿನದು, ಇರುವೆ ದಾಟಿದ್ದರೆ ಹಳೆಯದು. ಮರದ ಮೇಲೆ ಮುಸುವ ಕೆಮ್ಮಿದರೆ ಕೆಳಗೆ ಯಾರೋ ಇದ್ದಾರೆ. ಅಪ್ಪ ಒಂದು ಸಲವೂ ‘ಇರಬಹುದು’ ಎಂದು ಬರೆಸಲಿಲ್ಲ. ತಿಳಿಯದಿದ್ದರೆ ‘ತಿಳಿಯಲಿಲ್ಲ’ ಎಂದು ಬರೆಸುತ್ತಿದ್ದ.

ಆರನೇ ತರಗತಿಯಲ್ಲಿ ಬಣ್ಣದ ಚಿತ್ರಗಳ ಪಾಠವೊಂದು ಬಂತು. ಒಂದು ಪುಟದಲ್ಲಿ ಪಟ್ಟೆಯ ಪ್ರಾಣಿ, ಕೆಳಗೆ ‘ಹುಲಿ’. ಮುಂದಿನ ಪುಟದಲ್ಲಿ ಮೈ ತುಂಬ ಚುಕ್ಕೆಯ ಪ್ರಾಣಿ, ಕೆಳಗೆ ‘ಚಿರತೆ’. ನನಗೆ ಗಲಿಬಿಲಿಯಾಯಿತು. ನಮ್ಮ ಕಡೆ ಚುಕ್ಕೆಯದನ್ನೇ ಹುಲಿ ಎನ್ನುತ್ತಾರೆ. ಹುಲಿ ಆಡು ಒಯ್ಯಿತು, ಹುಲಿ ನಾಯಿ ಹಿಡಿಯಿತು ಎನ್ನುವುದೆಲ್ಲ ಅದನ್ನೇ. ಪಟ್ಟೆಯ ಹುಲಿ ನಮ್ಮ ಗುಡ್ಡದಲ್ಲಿ ಯಾರೂ ಕಂಡದ್ದಿಲ್ಲ. ಸಂಜೆ ಪುಸ್ತಕವನ್ನು ಅಪ್ಪನ ಮುಂದೆ ತೆರೆದೆ. ಅಪ್ಪ ಚುಕ್ಕೆಯದರ ಮೇಲೆ ಬೆರಳಿಟ್ಟು, “ಇದು ನಮ್ಮ ಹುಲಿ. ಹೆಣ್ಣು,” ಎಂದ.

“ಮತ್ತ ಇದು?” ಎಂದು ಪಟ್ಟೆಯದನ್ನು ತೋರಿಸಿದೆ.

ಅಪ್ಪ ಬಾಗಿ ನೋಡಿದ. ಆಮೇಲೆ ನಿಸ್ಸಂಶಯವಾಗಿ ಹೇಳಿದ:

“ಇದು ಅಲಾಯಿ ಹುಲಿ.”

ನನಗೆ ನಗು ತಡೆಯಲಾಗಲಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಚಿಗವ್ವನ ಮನೆ. ಮೊಹರಂ ಹಬ್ಬಕ್ಕೆ ನಾವೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಲಗೆಯ ಬಡಿತಕ್ಕೆ, ಮೈಗೆ ಹಳದಿ ಬಳಿದು ಕರಿ ಪಟ್ಟೆ ಎಳೆಸಿಕೊಂಡ ಗಂಡಸರು ಹುಲಿವೇಷ ಕುಣಿಯುತ್ತಿದ್ದರು. ಅಪ್ಪ ಪಟ್ಟೆ ಕಂಡದ್ದು ಅಲ್ಲಿ ಮಾತ್ರ. ಅವನ ಲೆಕ್ಕದಲ್ಲಿ ಪಟ್ಟೆ ಎನ್ನುವುದು ಬಣ್ಣ ಬಳಿಯುವವರ ಕಲ್ಪನೆ, ನಿಜವಾದ ಹುಲಿಗೆ ಇರುವುದು ಚುಕ್ಕೆ.

“ಅಪ್ಪಾ, ಪುಸ್ತಕದಾಗ ನಮ್ಮ ಹುಲಿಗೆ ಚಿರತೆ ಅಂದಾರ.”

“ಅನ್ಲಿ ಬಿಡು. ಅವರೇನು ದಿನಾ ಅದರ ಹಿಂದ ಅಡ್ಡಾಡ್ತಾರೇನು? ತಗಿ ನೋಟ್‌ಬುಕ್ಕು. ಬರಿ: ಹಳ್ಳದ ಉಸುಕಿನ್ಯಾಗ ಹುಲಿ ಹೆಜ್ಜಿ. ಹೆಣ್ಣು. ಹಿಂದಿನ ಎಡಗಾಲು ಊರೂದಿಲ್ಲ.”

ಪೆನ್ನು ಹಿಡಿದು ನಾನು ಒಂದು ಗಳಿಗೆ ಕುಳಿತೆ. ‘ಚಿರತೆ’ ಎಂದು ಬರೆಯಬೇಕಿತ್ತು ಎಂದು ನನಗೆ ಗೊತ್ತಿತ್ತು. ಮೇಷ್ಟ್ರು ಅಂದೇ ಬೆಳಿಗ್ಗೆ ಕಪ್ಪು ಹಲಗೆಯ ಮೇಲೆ ಎರಡೂ ಹೆಸರು ಬರೆಸಿದ್ದರು. ಅಪ್ಪನ ಕಟ್ಟಳೆ ನೆನಪಾಗಿ ‘ಹುಲಿ’ ಎಂದೇ ಬರೆದೆ. ನಿಜ ಹೇಳಬೇಕೆಂದರೆ ಕಟ್ಟಳೆ ಒಂದೇ ಕಾರಣವಲ್ಲ. ಹುಲಿ ನನ್ನ ಹೆಸರಿನ ಅರ್ಧ. ಅದನ್ನು ಸರ್ಕಾರದ ನೋಟ್‌ಬುಕ್ಕಿನಲ್ಲಿ ಬರೆಯುವುದೆಂದರೆ ನನಗೆ ಖುಷಿ. ಆ ತಿಂಗಳಲ್ಲಿ ಮೂರು ಸಲ ಹಾಗೆ ಬರೆದೆ.

ಗಾರ್ಡ್ ಹನುಮಂತಪ್ಪನೂ ನಮ್ಮ ಕಡೆಯವನೇ. ಅವನಿಗೂ ಹುಲಿ ಎಂದರೆ ಚುಕ್ಕೆಯದು. ‘ಹುಲಿ ಹೆಜ್ಜೆ, ಮೂರು ಸಲ’ ಎಂದು ತಿಂಗಳ ವರದಿಗೆ ಇಳಿಸಿ ಕಳಿಸಿದ. ವಲಯ ಕಚೇರಿಯಲ್ಲಿ ಹಿಂದಿನ ಸಾಹೇಬರೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಅವರೂ ಈ ಸೀಮೆಯವರು. ಆದರೆ ಆಗಷ್ಟೇ ಹೊಸ ಸಾಹೇಬರು ಬಂದಿದ್ದರು. ಮೈಸೂರು ಕಡೆಯವರು, ಚಿಕ್ಕ ವಯಸ್ಸು, ನಾನು ಈಗ ಇರುವಂಥ ಹುಲಿ ಕಾಡಿನಲ್ಲಿ ಕೆಲಸ ಮಾಡಿ ಬಂದವರು. ಸಂಡೂರಿನ ಗುಡ್ಡದಲ್ಲಿ ಹುಲಿ ಎಂದು ಓದಿದ್ದೇ ತಡ ಅವರು ಕುರ್ಚಿಯಿಂದ ಎದ್ದು ನಿಂತರಂತೆ. ಮೇಲಿನ ಅಧಿಕಾರಿಗಳಿಗೆ ಆ ಕ್ಷಣವೇ ಫೋನು ಮಾಡಿದರಂತೆ. ಮಾತು ಕಚೇರಿಯಿಂದ ಟೀ ಅಂಗಡಿಗೆ, ಅಂಗಡಿಯಿಂದ ಯಶವಂತನಗರಕ್ಕೆ, ಅಲ್ಲಿಂದ ಕಂಪನಿ ಬಸ್ಸು ಹತ್ತಿ ಕುರೆಕುಪ್ಪದವರೆಗೂ ಹೋಯಿತು. ಎಲ್ಲಿಂದಲೋ ಗಂಡು ಹುಲಿ ಬಂದಿದೆ, ಲಾರಿ ಬೆನ್ನಟ್ಟಿತಂತೆ ಎಂದು ಜನ ನಮಗೇ ಬಂದು ಹೇಳಿದರು. ಅಪ್ಪನಿಗೆ ಇದೆಲ್ಲ ಯಾವುದೋ ಬೇರೆ ಪ್ರಾಣಿಯ ಸುದ್ದಿ. ಎಲ್ಲಿ, ಯಾವ ಕಡೆ ಎಂದು ಅವರನ್ನೇ ವಿಚಾರಿಸುತ್ತಿದ್ದ. ನನಗೊಬ್ಬಳಿಗೆ ಅನುಮಾನ ಹುಟ್ಟಿತ್ತು. ಹೊಟ್ಟೆಯಲ್ಲಿ ಇಟ್ಟುಕೊಂಡೆ.

ಹೊಟ್ಟೆಯಲ್ಲಿ ಇಟ್ಟುಕೊಂಡದ್ದಕ್ಕೆ ಕಾರಣವಿತ್ತು. ಆ ವರ್ಷ ದಿನಗೂಲಿ ವಾಚರ್‌ಗಳನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ಪಟ್ಟಿಯಲ್ಲಿ ಅಪ್ಪನ ಹೆಸರು ಬಂದರೆ ಈ ಕಲ್ಲಿನ ಮನೆ, ಈ ಕಿಟಕಿ, ಈ ಗುಡ್ಡ ನಮ್ಮದಾಗಿ ಉಳಿಯುತ್ತವೆ. ಬರದಿದ್ದರೆ ಕಾಯಂ ಆದವರಿಗೆ ಮನೆ ಬಿಟ್ಟು ಎದ್ದು ಹೋಗಬೇಕು. ಪಟ್ಟಿ ಬರೆಯುವವರು ಅದೇ ಹೊಸ ಸಾಹೇಬರು.

ಭಾನುವಾರ ಬೆಳಿಗ್ಗೆ ಜೀಪು ಬಂತು. ಅವ್ವ ಅಂಗಳಕ್ಕೆ ಎರಡು ಸಲ ನೀರು ಹೊಡೆದು, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿಕೊಂಡು ಕಾಯುತ್ತಿದ್ದಳು. ಸಾಹೇಬರು ಕೂರಲಿಲ್ಲ. ಕೈಯಲ್ಲಿ ಅಳತೆಪಟ್ಟಿ, ಹೆಗಲಿಗೆ ಕ್ಯಾಮರಾ.

“ಎಲ್ರೀ, ಆ ಜಾಗ ತೋರ್ಸಿ. ಇವತ್ತೂ ಹೆಜ್ಜೆ ಇದ್ಯಾ?”

“ಅದಾವ್ರಿ. ಹೊತ್ತು ಏರೂದ್ರಾಗ ನೋಡಿ ಬಂದೀನಿ,” ಎಂದ ಅಪ್ಪ. ನನಗೂ ಬಾ ಎಂದು ಕಣ್ಣಲ್ಲೇ ಹೇಳಿದ. ನೋಟ್‌ಬುಕ್ಕು ನನ್ನ ಸುಪರ್ದಿನಲ್ಲಿ ಇರುವಂಥದ್ದು.

ಹಳ್ಳ ಮನೆಯಿಂದ ಕೂಗಳತೆ ದೂರ. ಸಾಹೇಬರು ಎಲ್ಲರಿಗಿಂತ ಮುಂದೆ ಹೋದರು. ಅಪ್ಪ ಹಿಂದಿನಿಂದ “ಸಾಹೇಬ್ರ, ದಂಡಿ ಹಿಡದು ಬರ್ರಿ, ಉಸುಕಿನ್ಯಾಗ ಬ್ಯಾಡ್ರಿ,” ಎಂದು ಎರಡು ಸಲ ಹೇಳಿದ. ಅವರಿಗೆ ಕೇಳಿಸಲಿಲ್ಲ, ಇಲ್ಲವೆ ತಿಳಿಯಲಿಲ್ಲ. ನೇರ ಮರಳಿಗೆ ಇಳಿದು, ಮಂಡಿಯೂರಿ, ಒಂದು ಹೆಜ್ಜೆಯ ಮೇಲೆ ಅಳತೆಪಟ್ಟಿ ಇಟ್ಟರು. ಎದ್ದಾಗ ಅವರ ಮುಖ ಕೆಂಪಗಾಗಿತ್ತು.

“ಇದು ಚಿರತೆ.”

“ಹೌದ್ರಿ, ಹುಲಿ,” ಎಂದ ಅಪ್ಪ, ಸಂತೋಷದಿಂದ.

“ಹುಲಿ ಅಲ್ಲಾರೀ! ಚಿರತೆ!”

“ಅದ ರೀ. ಹುಲಿ. ಹೆಣ್ಣು.”

“ನನ್ನ ಜೊತೆ ಆಟ ಆಡ್ತಿದ್ದೀರೇನ್ರೀ? ಮೇಲಿನವರಿಗೆಲ್ಲ ಹೇಳಿಬಿಟ್ಟಿದ್ದೀನಿ. ಕಾಯಂ ಆಗೋ ಆಸೆಗೆ ಇಲ್ಲದ ಹುಲಿ ಹುಟ್ಟಿಸಿದ್ದೀರಾ?”

ಅಪ್ಪನಿಗೆ ಬೈಗುಳ ತಿಳಿಯಿತು, ಕಾರಣ ತಿಳಿಯಲಿಲ್ಲ. ಗಾರ್ಡ್ ಹನುಮಂತಪ್ಪ ನೆಲ ನೋಡುತ್ತ ನಿಂತ. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಆ ಅರ್ಧ ನಿಮಿಷದ ಮೌನಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮನೆಯ ಅಂಗಳಕ್ಕೆ ಬಂದು ಸಾಹೇಬರು ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡರು. ಹೊರಸಿನ ಮೇಲೆ ಕುಳಿತು, ಹುಲಿ ಎಂದು ಬರೆದ ಕೊನೆಯ ಪುಟ ತೆರೆದು, ಕೆಂಪು ಪೆನ್ನಿನಲ್ಲಿ ಎರಡು ಸಾಲು ಬರೆದರು. ಅವ್ವ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನೋಟ್‌ಬುಕ್ಕು ನನ್ನ ಕೈಗೆ ಮರಳಿತು. ಅಪ್ಪ ನನ್ನ ಕಡೆ ತಿರುಗಿದ.

“ಏನಂತ ಬರ್ದಾರ, ಓದು.”

ನಾನು ಓದಿಕೊಂಡೆ. ಸುಳ್ಳು ಹೇಳಬಹುದಿತ್ತು. ಸರಿ ಅಂತ ಬರ್ದಾರಪ್ಪ ಎಂದರೆ ಮುಗಿಯುತ್ತಿತ್ತು, ಅವನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಎರಡು ವರ್ಷ ಒಲೆಯ ಪಕ್ಕದಲ್ಲಿ ಕುಳಿತು, ಇದ್ದದ್ದನ್ನು ಇದ್ದಂತೆ ಓದಿ ಓದಿ, ನನ್ನ ನಾಲಿಗೆಗೆ ಬೇರೆ ರೂಢಿಯೇ ಇರಲಿಲ್ಲ.

“‘ಸುಳ್ಳು ವರದಿ. ವಾಚರ್ ನಂಬಿಕೆಗೆ ಅರ್ಹನಲ್ಲ.’”

ಅಪ್ಪ ಸಿಟ್ಟಾಗುತ್ತಾನೆ, ಇಲ್ಲ ಕೈ ಮುಗಿಯುತ್ತಾನೆ ಎಂದು ನಾನು ಅಂದುಕೊಂಡೆ. ಎರಡೂ ಮಾಡಲಿಲ್ಲ. ಕಟ್ಟೆಯ ಮೇಲೆ, ದಿನವೂ ಒಲೆಯ ಪಕ್ಕ ಕೂರುವ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕುಳಿತ.

“ಪೆನ್ನು ತಗಿ. ಇವತ್ತಿಂದು ಬರ್ಯೂದೈತಿ.”

“ಈಗ ಬ್ಯಾಡಲೇ ಯರ್ರಿಸ್ವಾಮಿ,” ಎಂದು ಗಾರ್ಡ್ ಪಿಸುಗುಟ್ಟಿದ.

“ಕೆಲಸ ಇರೂತನ ಕೆಲಸಪ್ಪ. ಬರಿ, ಹುಲಿಗಿ.” ಅಪ್ಪ ಎಂದಿನ ದನಿಯಲ್ಲಿ ಹೇಳತೊಡಗಿದ. “ಬೆಳಿಗ್ಗೆ ಹಳ್ಳದಾಗ ಹೆಣ್ಣು ಹುಲಿ ಹೆಜ್ಜಿ. ಇಬ್ಬನಿ ಬಿದ್ದ ಮ್ಯಾಲಿನವು. ಹಿಂದಿನ ಎಡಗಾಲು ಇನ್ನಾ ಊರೂದಿಲ್ಲ. ಸಂಗಾಟ ಎರಡು ಮರಿ. ಮರಿ ಹೆಜ್ಜಿ ಇವತ್ತ ಮೊದಲ ಕಂಡದ್ದು. ಮ್ಯಾಲಿನ ಬಂಡಿಗಲ್ಲಿನ ಕಡೆ ಹೋಗ್ಯಾವು. ಆಮ್ಯಾಲೆ ಸಾಹೇಬ್ರು ಬಂದ್ರು. ಸಾಹೇಬ್ರ ಬೂಟು ಮರಿ ಹೆಜ್ಜಿ ಮ್ಯಾಲೆ ಬಿತ್ತು. ನಾಕು ಹೆಜ್ಜಿ ಅಳಿಸ್ಯಾವು.”

ನಾನು ಒಂದಕ್ಷರ ಬಿಡದೆ ಬರೆದೆ. ಗಾರ್ಡ್ ಹನುಮಂತಪ್ಪ ಕಣ್ಣು ಮುಚ್ಚಿಕೊಂಡಿದ್ದ. ಸಾಹೇಬರು ಜೀಪಿನ ಕಡೆ ಹೊರಟವರು ನಿಂತರು.

“ಎರಡು ಮರಿ? ಎಲ್ಲಿ? ನನಗೆ ಕಾಣ್ಲಿಲ್ವಲ್ಲ.”

“ನಿಮ್ಮ ಕಾಲ ಕೆಳಗ ಇದ್ದೂರಿ,” ಎಂದ ಅಪ್ಪ. ಚುಚ್ಚಿ ಹೇಳಲಿಲ್ಲ, ಜಾಗ ತೋರಿಸುವವನ ಹಾಗೆ ಹೇಳಿದ.

ಅವರು ಮತ್ತೆ ಹಳ್ಳಕ್ಕೆ ಹೋದರು. ಈ ಸಲ ಅಪ್ಪ ಮುಂದೆ, ಸಾಹೇಬರು ಹಿಂದೆ, ದಂಡೆ ಹಿಡಿದು. ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಅರ್ಧ ಉಳಿದ ಒಂದು ಪುಟ್ಟ ಹೆಜ್ಜೆ ಇತ್ತು, ಸ್ವಲ್ಪ ದೂರದಲ್ಲಿ ಇನ್ನೊಂದು, ಪೂರ್ತಿಯದು, ನನ್ನ ಬೆರಳ ತುದಿಗಳನ್ನು ಒತ್ತಿದಷ್ಟು. ಅಪ್ಪ ತಾಯಿಯ ಹೆಜ್ಜೆಗಳನ್ನು ಒಂದೊಂದಾಗಿ ತೋರಿಸುತ್ತ ಹೋದ. ಇಲ್ಲಿ ನಿಂತಳು, ಇಲ್ಲಿ ಮರಿಗಳು ಹಿಂದೆ ಉಳಿದವು, ಇಲ್ಲಿ ತಿರುಗಿ ನೋಡಿದಳು. ಸಾಹೇಬರು ಮರಳ ಪಕ್ಕ ಕುಕ್ಕರಗಾಲಲ್ಲಿ ಬಹಳ ಹೊತ್ತು ಕುಳಿತಿದ್ದರು. ಹಿಂದಿರುಗಿ ಬಂದು, ಅವ್ವನ ಆರಿದ ಉಪ್ಪಿಟ್ಟನ್ನು ತಿಂದರು. ನಾನು ಬರೆದ ಆ ದಿನದ ಪುಟಕ್ಕೆ, ತಮ್ಮ ಬೂಟಿನ ಸಾಲಿನ ಸಮೇತ, ರುಜು ಹಾಕಿ ಹೋದರು. ಹಿಂದಿನ ಪುಟದ ಕೆಂಪು ಸಾಲುಗಳನ್ನು ಮುಟ್ಟಲಿಲ್ಲ.

“ಉಪ್ಪಿಟ್ಟು ತಿಂದ, ರುಜು ಹಾಕಿದ. ಸುಳ್ಳು ಅಂದದ್ದು ಹಂಗ ಬಿಟ್ಟು ಹೋದ್ನಲ್ರಿ,” ಎಂದು ಅವ್ವ ಅತ್ತಳು. ಆ ಮನೆಯಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಧೂಳನ್ನು ಅಷ್ಟು ಬಯ್ದವಳು, ಆ ಮನೆ ಹೋಗುತ್ತದೆಂದಾಗ ಕಂಪ್ಲಿಯ ಹೆಸರೆತ್ತಲಿಲ್ಲ. ಅಜ್ಜಿ ಎದ್ದು ಬಂದು ಸೊಸೆಯ ತಲೆ ಸವರಿದಳು.

ಮಧ್ಯಾಹ್ನ ಇಳಿಹೊತ್ತಿಗೆ ಅಪ್ಪ ನನ್ನನ್ನು ಕಿಟಕಿಯ ಹತ್ತಿರ ಕರೆದ.

“ಸಾಹೇಬ್ರು ಅಂದ್ರಲ್ಲ ಚಿರತೆ ಅಂತ. ನೀ ಅವತ್ತ ಪುಸ್ತಕದಾಗ ತೋರ್ಸಿದ್ದು ಅದ ಹೆಸರೇನು?”

“ಹೂಂ.”

“ಅಂದ್ರ ಅವರ ಕಡೆ ಹುಲಿ ಅಂದ್ರ ಅಲಾಯಿ ಹುಲಿ?”

“ಹೂಂ.”

“ನಿನಗ ಬರ್ಯೂ ಮುಂದನ ಗೊತ್ತಿತ್ತೇನು?”

“ಗೊತ್ತಿತ್ತು. ನೀ ಕೂಡಸಬ್ಯಾಡ ಅಂದಿದ್ದಿ.” ಇನ್ನೊಂದು ಕಾರಣವನ್ನೂ ಹೇಳಿದೆ, ಹುಲಿ ಎಂದು ಬರೆಯುವುದು ನನಗೆ ಸೇರುತ್ತಿತ್ತು ಎಂದು. ಅಳು ಬಂತು. ಅಪ್ಪ ಬಯ್ಯಲಿಲ್ಲ. ಗುಡ್ಡ ನೋಡುತ್ತ ಯೋಚನೆ ಮಾಡಿದ.

“ನಾ ಹೇಳಿದ್ದು ತಪ್ಪಾತು. ನಾ ಗುಡ್ಡ ಓದ್ತೀನಿ, ನೀ ಪುಸ್ತಕ ಓದ್ತಿ. ಇನ್ನ ಮ್ಯಾಲೆ ನಾ ಹೇಳಿದ್ದು ಬರಿ, ಅದರ ಕೆಳಗ ನಿನಗ ಗೊತ್ತಿದ್ದದ್ದೂ ಬರಿ. ನಿನ್ನ ಹೆಸರು ಹಾಕಿ ಬರಿ.”

ಹನ್ನೊಂದು ವರ್ಷದ ನನಗೆ ಅಷ್ಟು ದೊಡ್ಡ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಆಮೇಲೆ ಯಾವ ಸರ್ಕಾರವೂ ಕೊಡಲಿಲ್ಲ. ನಾನು ನೋಟ್‌ಬುಕ್ಕು ತೆಗೆದು ಕೆಂಪು ಸಾಲಿನ ಪುಟಕ್ಕೆ ಹೋದೆ. ಕಣ್ಣೊರೆಸಿಕೊಂಡು, ಮೇಷ್ಟ್ರು ಕಲಿಸಿದ ದುಂಡಕ್ಷರದಲ್ಲಿ ಅದರ ಕೆಳಗೆ ಬರೆದೆ: ‘ನಮ್ಮ ಅಪ್ಪ ಸುಳ್ಳು ಹೇಳಿಲ್ಲ. ನಮ್ಮ ಕಡೆ ಚಿರತೆಗೆ ಹುಲಿ ಅನ್ನುತ್ತಾರೆ. ಅಪ್ಪನಿಗೆ ಚಿರತೆ ಎಂಬ ಹೆಸರು ಗೊತ್ತಿರಲಿಲ್ಲ. ಬರೆದ ನನಗೆ ಗೊತ್ತಿತ್ತು. ತಪ್ಪು ನನ್ನದು. ಹುಲಿಗೆಮ್ಮ, ಆರನೇ ತರಗತಿ.’ ಅಪ್ಪನಿಗೆ ಓದಿ ಹೇಳಿದೆ. ‘ತಪ್ಪು ನನ್ನದು’ ಎಂಬ ಮಾತಿಗೆ ಅವನು ಬೇಡ ಎನ್ನಲು ಹೋದ. ಆಮೇಲೆ ಹಾಗೇ ಬಿಟ್ಟ, ಏಕೆಂದರೆ ಅದು ನನ್ನ ಸಾಲು.

ತಿಂಗಳ ಕೊನೆಗೆ ಗಾರ್ಡ್ ಹನುಮಂತಪ್ಪ ನೋಟ್‌ಬುಕ್ಕು ಒಯ್ದ. ಅವನು ಮರಳಿ ಬರುವವರೆಗೆ ಅವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಳು. ಅಪ್ಪ ಎಂದಿನಂತೆ ಗುಡ್ಡಕ್ಕೆ ಹೋಗುತ್ತಿದ್ದ. ಹನುಮಂತಪ್ಪ ಬಂದದ್ದು ಒಂದು ಬೆಳಿಗ್ಗೆ, ಸೈಕಲ್ಲಿನ ಮೇಲೆ. ಇಳಿಯುವ ಮೊದಲೇ ಕೂಗಿದ:

“ಪಟ್ಟ್ಯಾಗ ನಿನ್ನ ಹೆಸರು ಹೋಗೈತಲೇ ಯರ್ರಿಸ್ವಾಮಿ!”

ಅಜ್ಜಿ ಕೈ ಎತ್ತಿ ಗುಡ್ಡಕ್ಕೆ ಮುಗಿದಳು. ಅಪ್ಪ ಮಾತ್ರ ಆ ಮಾತು ಕೇಳಿಸದವನಂತೆ ನೋಟ್‌ಬುಕ್ಕು ಇಸಿದುಕೊಂಡು ನನ್ನ ಕೈಗೆ ಕೊಟ್ಟ.

“ಆ ಹಾಳಿ ತಗಿ. ಕೆಂಪಿಂದು ಐತೇನು ನೋಡು.”

ಕೆಂಪು ಸಾಲುಗಳ ಮೇಲೆ ಒಂದು ಗೆರೆ ಎಳೆದಿತ್ತು, ಪಕ್ಕದಲ್ಲಿ ಚಿಕ್ಕ ರುಜು. ನನ್ನ ದುಂಡಕ್ಷರಗಳ ಕೆಳಗೆ ಅದೇ ಕೆಂಪು ಪೆನ್ನಿನಲ್ಲಿ ಹೊಸದಾಗಿ ಬರೆದದ್ದಿತ್ತು. ನಾನು ಓದಿದೆ:

“‘ಓದಿದೆ. ವಾಚರ್ ಹೇಳಿದ್ದು ನಿಜ. ಬರೆಯುವ ಮೊದಲು ನಾನು ಅವರನ್ನು ಕೇಳಬೇಕಿತ್ತು.’”

ಅಪ್ಪ ತಲೆ ಬಗ್ಗಿಸಿ ಕೇಳಿಸಿಕೊಂಡ.

“ಇನ್ನೊಮ್ಮೆ ಓದು. ಒಳಗ ನಿಮ್ಮವ್ವಗ ಕೇಳಂಗ.”

ನಾನು ಎದ್ದು ನಿಂತು ಓದಿದೆ.